ಡಬ್ಬಿಯೊಳಗಿನ ಚಿಲ್ಲರೆಗೆ ಮನೆತುಂಬ ಕೆಲಸ

ಅಂಗಡಿಯವರು ಮುಖ ತಿರುಗಿಸುವ ಒಂದು, ಎರಡು ರೂಪಾಯಿ ಬಿಲ್ಲೆಗಳು ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯ ಮನೆಗಳಲ್ಲಿ ಇಡ್ಲಿ ಪಾತ್ರೆ ಕಾಯುತ್ತವೆ, ಹಾರುವ ಪರದೆಯನ್ನು ಹಿಡಿದು ನಿಲ್ಲಿಸುತ್ತವೆ. ಹತ್ತರ ನಾಣ್ಯ ತಕ್ಕಡಿಯ ಸುಳ್ಳು ಹಿಡಿಯುತ್ತದೆ. ಐದರ ಬಿಲ್ಲೆಯಂತೂ ಕುಡಿಯುವ ನೀರನ್ನೇ ತರುತ್ತದೆ!

ಬೆಳಗಿನ ಐದೂವರೆ. ಪೀಣ್ಯ ಎರಡನೇ ಹಂತದ ಹಿಂದಿನ ಗಲ್ಲಿ. ಮೊದಲ ಪಾಳಿಗೆ ಹೊರಡುವ ಗಂಡನಿಗೆ ಬುತ್ತಿ ಕಟ್ಟಬೇಕು, ಮಗಳ ಜಡೆ ಹೆಣೆಯಬೇಕು, ನಲ್ಲಿ ನಿಲ್ಲುವ ಮೊದಲು ಡ್ರಮ್ಮು ತುಂಬಿಕೊಳ್ಳಬೇಕು. ಒಲೆಯ ಮೇಲೆ ಇಡ್ಲಿ ಪಾತ್ರೆ. ಅದರೊಳಗಿಂದ ಒಂದೇ ಸಮನೆ ಕಟಕಟ, ಕಟಕಟ.

ಮನೆಯಾಕೆ ಪಾತ್ರೆಯತ್ತ ತಿರುಗಿಯೂ ನೋಡುವುದಿಲ್ಲ. ಕಿವಿ ಮಾತ್ರ ಅಲ್ಲಿದೆ. ಎರಡನೇ ಒಬ್ಬೆ ಬೇಯುವ ಹೊತ್ತಿಗೆ ಸದ್ದು ಸಣ್ಣಗಾಗುತ್ತದೆ, ತಡವರಿಸುತ್ತದೆ, ನಿಂತೇಬಿಡುತ್ತದೆ. ಆಕೆ ಜಡೆ ಬಿಟ್ಟು ಎದ್ದು ಬಂದು ಪಾತ್ರೆಗೆ ಒಂದು ಚೊಂಬು ನೀರು ಸುರಿಯುತ್ತಾಳೆ.

ಸದ್ದು ಮಾಡುತ್ತಿದ್ದದ್ದು ಪಾತ್ರೆಯ ತಳದಲ್ಲಿ ಬಿದ್ದಿದ್ದ ಒಂದು ರೂಪಾಯಿ ಬಿಲ್ಲೆ. ನೀರು ಕುದಿಯುವಾಗ ಬಿಲ್ಲೆಯ ಅಡಿಯಲ್ಲಿ ಹಬೆಯ ಗುಳ್ಳೆ ಕಟ್ಟಿ ಅದನ್ನು ಮೇಲಕ್ಕೆ ಎತ್ತುತ್ತದೆ. ಗುಳ್ಳೆ ನುಸುಳಿಕೊಂಡ ಕೂಡಲೇ ಬಿಲ್ಲೆ ತಳಕ್ಕೆ ಬಡಿಯುತ್ತದೆ. ನೀರು ಇರುವತನಕ ಈ ಕುಣಿತ. ನೀರು ಆರಿದರೆ ಮೌನ. ಪಾತ್ರೆ ತಳ ಹಿಡಿದು ಕಪ್ಪಾಗುವುದಕ್ಕೆ ಮೊದಲೇ ಎಚ್ಚರಿಕೆ ಸಿಕ್ಕಿರುತ್ತದೆ. ಇದೇ ಕೆಲಸಕ್ಕೆ ಗೋಲಿ ಹಾಕುವವರಿದ್ದಾರೆ, ನುಣುಪಾದ ಕಲ್ಲು ಹಾಕುವವರೂ ಇದ್ದಾರೆ. ಆದರೆ ಕೈಗೆ ಸುಲಭವಾಗಿ ಸಿಗುವುದು, ಕುದಿಗೆ ಒಡೆಯದಿರುವುದು, ತುಕ್ಕು ಹಿಡಿಯದಿರುವುದು ಬಿಲ್ಲೆಯೇ. ಸಾವಿರ ಕೈ ದಾಟಿ ಬಂದ ವಸ್ತುವಾದ್ದರಿಂದ ಸೋಪು ಹಾಕಿ ತೊಳೆದು, ಒಮ್ಮೆ ಬೇರೆ ನೀರಿನಲ್ಲಿ ಕುದಿಸಿ, ಆ ಒಂದೇ ಬಿಲ್ಲೆಯನ್ನು ಇಡ್ಲಿ ಪಾತ್ರೆಗೆಂದೇ ಮೀಸಲಿಟ್ಟರೆ ಸರಿ.

ಫೋನು ಬಂತು, ಡಬ್ಬಿ ತುಂಬಿತು

ಹತ್ತು ರೂಪಾಯಿಯ ಟೀಗೂ ಫೋನು ತೋರಿಸುವ ಊರು ಇದು. 2016ರಲ್ಲಿ ಯುಪಿಐ ಬಂದ ಮೇಲೆ ದರ್ಶಿನಿಯ ಕ್ಯಾಷ್ ಕೌಂಟರು, ತಳ್ಳುಗಾಡಿ, ಆಟೊ ಎಲ್ಲ ಕಡೆ ಚೌಕುಳಿಯ ಕ್ಯೂಆರ್ ಕೋಡು ನೇತಾಡುತ್ತಿದೆ. ಚಿಲ್ಲರೆಗಾಗಿ ಕಂಡಕ್ಟರ್ ಜತೆ ಜಗಳ, ಟಿಕೆಟ್ಟಿನ ಹಿಂದೆ ಬರೆಸಿಕೊಂಡ ಬಾಕಿ, ಇಳಿಯುವಾಗ ಅದನ್ನು ಮರೆತು ಹೋಗುವುದು, ಇವೆಲ್ಲ ಬಿಎಂಟಿಸಿಯಲ್ಲಿ ನಿತ್ಯದ ಮಾತಾಗಿದ್ದ ಕಾಲವಿತ್ತು. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಗಿ ಮಹಿಳೆಯರಿಗೆ ಬಸ್ಸು ಉಚಿತವಾಯಿತು. ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳ ಕೈಚೀಲದಿಂದ ಚಿಲ್ಲರೆಯ ಪರ್ಸು ಮಾಯವಾಗಲು ಅದೂ ಒಂದು ಕಾರಣ.

ಹಾಗೆಂದು ನಾಣ್ಯ ಎಲ್ಲಿಗೂ ಹೋಗಿಲ್ಲ. ಮನೆಯೊಳಗೆ ಬಂದು ಕೂತಿದೆ. ಟಿವಿ ಸ್ಟ್ಯಾಂಡಿನ ಬಟ್ಟಲು, ಹಾರ್ಲಿಕ್ಸ್ ಬಾಟಲಿ, ದೇವರ ಮನೆಯ ಹುಂಡಿ, ಕಾರಿನ ಗೇರ್ ಪಕ್ಕದ ಕುಳಿ ಅದರ ವಿಳಾಸಗಳು.

ಶ್ರಾವಣ ಬಂದರೆ ಆ ಡಬ್ಬಿಗಳು ಹೊರಬೀಳುತ್ತವೆ. ವರಮಹಾಲಕ್ಷ್ಮಿ ಹಬ್ಬಕ್ಕೆ ಕಲಶದೊಳಗೆ ಅಕ್ಕಿ, ಅರಿಸಿನದ ಕೊನೆ, ಅಡಿಕೆಯ ಜತೆ ನಾಣ್ಯವೂ ಬೇಕು. ಡಬ್ಬಿ ಮಗುಚಿದರೆ ಒಂದು ಸಣ್ಣ ಇತಿಹಾಸವೇ ನೆಲದ ಮೇಲೆ ಹರಡಿಕೊಳ್ಳುತ್ತದೆ. ಹೂವಿನಂತೆ ಅಂಚು ಬಳುಕಿದ ಹತ್ತು ಪೈಸೆ, ಚೌಕದ ಐದು ಪೈಸೆ, ಆರು ಮೂಲೆಯ ಇಪ್ಪತ್ತು ಪೈಸೆ, ಘೇಂಡಾಮೃಗದ ನಾಲ್ಕಾಣೆ. ತಾಮ್ರದ ಹಳೆಯ ಕಾಸಾದರೆ ಹುಣಸೆಹಣ್ಣಿಗೆ ಹೊಳೆಯುತ್ತದೆ, ಹುಳಿಯು ಮೇಲಿನ ಕಿಲುಬನ್ನು ಕರಗಿಸುತ್ತದೆ. ಈಗಿನ ಉಕ್ಕಿನ ಬಿಲ್ಲೆಗೆ ಸೋಪಿನ ನೀರು ಸಾಕು. ಸಂಗ್ರಹಕಾರರಿಗೆ ಕೊಡುವ ಆಸೆಯಿದ್ದರೆ ಮಾತ್ರ ಉಜ್ಜಲೇಬಾರದು. ಉಜ್ಜಿದ ಹಳೆಯ ನಾಣ್ಯಕ್ಕೆ ಅವರಲ್ಲಿ ಬೆಲೆ ಕಡಿಮೆ.

■ ಡಬ್ಬಿಯಲ್ಲಿ ಸಿಕ್ಕಿದರೆ…

25 ಪೈಸೆ ಮತ್ತು ಅದಕ್ಕಿಂತ ಕೆಳಗಿನವು: 2011ರ ಜೂನ್ 30ರಿಂದ ಚಲಾವಣೆಯಲ್ಲಿಲ್ಲ. ಬ್ಯಾಂಕಿನಲ್ಲೂ ಬದಲಾಯಿಸಲು ಆಗದು.

50 ಪೈಸೆ: ಈಗಲೂ ಕಾನೂನುಬದ್ಧ ಹಣ. 10 ರೂಪಾಯಿವರೆಗಿನ ಪಾವತಿಗೆ ಕೊಡಬಹುದು.

10 ರೂಪಾಯಿ: 'ನಕಲಿ' ಎಂಬ ಗಾಳಿಸುದ್ದಿಗೆ ಕಿವಿಗೊಡಬೇಡಿ. ಬಗೆಬಗೆಯ 14 ವಿನ್ಯಾಸಗಳೂ ಸಾಚಾ ಎಂದು ರಿಸರ್ವ್ ಬ್ಯಾಂಕ್ 2018ರ ಜನವರಿಯಲ್ಲೇ ಹೇಳಿದೆ.

ಟಂಕಸಾಲೆ ಪತ್ತೆ: ಇಸವಿಯ ಕೆಳಗೆ ವಜ್ರದ ಗುರುತಿದ್ದರೆ ಮುಂಬೈ, ನಕ್ಷತ್ರವಿದ್ದರೆ ಹೈದರಾಬಾದ್, ಚುಕ್ಕೆಯಿದ್ದರೆ ನೋಯ್ಡಾ. ಏನೂ ಇಲ್ಲದಿದ್ದರೆ ಕೋಲ್ಕತ್ತ.

ಪೀಣ್ಯಕ್ಕೆ ಗೊತ್ತಿರುವ ಲೋಹ

ನಾಣ್ಯ ಮನೆಗೆಲಸಕ್ಕೆ ಇಷ್ಟು ಒದಗುವುದು ಏಕೆಂಬುದನ್ನು ಪೀಣ್ಯದ ಯಾವುದೇ ಲೇತ್ ಕೆಲಸಗಾರ ಬಿಡಿಸಿ ಹೇಳಬಲ್ಲ. ಏಷ್ಯಾದಲ್ಲಿನ ಸಣ್ಣ ಕೈಗಾರಿಕೆಗಳ ದೊಡ್ಡ ವಲಯಗಳಲ್ಲಿ ಒಂದೆಂದು ಹೆಸರಾದ ಈ ಪ್ರದೇಶದಲ್ಲಿ ಸಾವಿರಾರು ಘಟಕಗಳು ದಿನವಿಡೀ ಲೋಹವನ್ನು ಕತ್ತರಿಸಿ, ಕೊರೆದು, ತಿಕ್ಕುತ್ತವೆ. ಒಂದು ರೂಪಾಯಿ ಬಿಲ್ಲೆ 1992ರಿಂದ ಸ್ಟೇನ್‌ಲೆಸ್ ಸ್ಟೀಲಿನದು. ನೂರಕ್ಕೆ 83 ಪಾಲು ಕಬ್ಬಿಣ, 17 ಪಾಲು ಕ್ರೋಮಿಯಂ. ವರ್ಕ್‌ಶಾಪಿನಲ್ಲಿ '430' ಎಂದು ಕರೆಯುವ ಜಾತಿಯ ಉಕ್ಕು ಇದೇ ಕುಲದ್ದು. ಅಯಸ್ಕಾಂತ ಹಿಡಿದರೆ ಅಂಟಿಕೊಳ್ಳುತ್ತದೆ, ಒದ್ದೆಯಾದರೂ ಸುಲಭಕ್ಕೆ ತುಕ್ಕು ಹಿಡಿಯದು, ಬಾಗದು. ಅಂಚು ನಯ, ದಪ್ಪ ಎಲ್ಲೆಡೆ ಸಮ, ಸುಮಾರು ಒಂದೂವರೆ ಮಿಲಿಮೀಟರ್.

ಅಂದರೆ ಮನೆಗೆ ಬಂದಿರುವುದು ಸರ್ಕಾರವೇ ಅಳೆದು ತೂಗಿ ಮಾಡಿಸಿಕೊಟ್ಟ ಒಂದು ಬಿಡಿಭಾಗ. ಕುಂಟುವ ಮೇಜಿನ ಕಾಲಿನಡಿಗೆ ಪೇಪರು ಮಡಚಿ ಇಟ್ಟರೆ ಮೂರೇ ದಿನಕ್ಕೆ ಜಜ್ಜಿಹೋಗುತ್ತದೆ, ಬಿಲ್ಲೆ ವರ್ಷಗಟ್ಟಲೆ ನಿಲ್ಲುತ್ತದೆ. ರಿಮೋಟು, ಗಡಿಯಾರ, ತೂಕದ ಯಂತ್ರದ ಬ್ಯಾಟರಿ ಮುಚ್ಚಳಕ್ಕೆ ಅಗಲವಾದ ಗೀರು ಇರುತ್ತದಲ್ಲ, ಅದನ್ನು ಮಾಡಿರುವುದೇ ನಾಣ್ಯದಿಂದ ತಿರುಗಿಸಲೆಂದು. ಕ್ಯಾಮೆರಾ ಸ್ಟ್ಯಾಂಡಿನ ತಿರುಪು ಕೂಡ ಹಾಗೆಯೇ. ಅಲ್ಲಿ ಸ್ಕ್ರೂ ಡ್ರೈವರ್ ತೂರಿಸಿ ಗೀರು ಕೆಡಿಸುವುದಕ್ಕಿಂತ ಎರಡು ರೂಪಾಯಿ ಬಿಲ್ಲೆ ಲೇಸು. ಬಾತ್‌ರೂಮಿನ ಹತ್ತಾರು ಟೈಲ್ಸ್ ರಿಪೇರಿಗೆ ಸ್ಪೇಸರ್ ಸಿಗದಿದ್ದರೆ ನಡುವೆ ಬಿಲ್ಲೆ ನಿಲ್ಲಿಸಿ ಗೆರೆ ಕೂರಿಸಬಹುದು, ಒಂದೇ ಸಮನಾದ ಸಂದು ಸಿಗುತ್ತದೆ.

ಈ ಜಾಣ್ಮೆ ಹೊಸದಲ್ಲ. ಎರಡನೇ ಮಹಾಯುದ್ಧದ ದಿನಗಳಲ್ಲಿ ಲೋಹ ಉಳಿಸಲೆಂದು ಬ್ರಿಟಿಷ್ ಸರ್ಕಾರ ನಡುವೆ ದುಂಡನೆಯ ತೂತಿದ್ದ ಕಾಸು ಹೊರಡಿಸಿತು. 1943ರಿಂದ 1947ರವರೆಗಿನ ಆ ತೂತು ಕಾಸು ಮಕ್ಕಳ ಉಡಿದಾರ ಸೇರಿತು. ನಟ್ಟು ಬೋಲ್ಟಿನ ನಡುವೆ ವಾಷರ್ ಆಗಿಯೂ ದುಡಿಯಿತು.

ಲೋಹದ ಬೆಲೆ ಮುಖಬೆಲೆಯನ್ನು ಮೀರಿದಾಗ ಏನಾಗುತ್ತದೆ ಎಂಬುದಕ್ಕೆ ಇನ್ನೊಂದು ಕಥೆಯಿದೆ. 2007ರಲ್ಲಿ ಕೋಲ್ಕತ್ತದಿಂದ ಬಂದ ಸುದ್ದಿಯ ಪ್ರಕಾರ, ಭಾರತದ ಬಿಲ್ಲೆಗಳು ಗಡಿ ದಾಟಿ ಬಾಂಗ್ಲಾದೇಶಕ್ಕೆ ಹೋಗಿ ಕರಗಿ, ಕ್ಷೌರದ ಬ್ಲೇಡುಗಳಾಗುತ್ತಿದ್ದವು. ಒಂದು ರೂಪಾಯಿಯ ಉಕ್ಕಿನಿಂದ ಹಲವು ಬ್ಲೇಡು. ಟಂಕಿಸುವ ಖರ್ಚಿನ ಲೆಕ್ಕವೂ ಹೆಚ್ಚುಕಡಿಮೆ ಇದೇ ದಾರಿಯದು. 2018ರಲ್ಲಿ ಮಾಹಿತಿ ಹಕ್ಕಿನಡಿ ಟಂಕಸಾಲೆ ಕೊಟ್ಟ ಉತ್ತರದಂತೆ ಒಂದು ರೂಪಾಯಿ ನಾಣ್ಯ ಮಾಡಲು 1.11 ರೂಪಾಯಿ, ಎರಡರದ್ದಕ್ಕೆ 1.28, ಐದರದ್ದಕ್ಕೆ 3.69, ಹತ್ತರದ್ದಕ್ಕೆ 5.54 ರೂಪಾಯಿ ತಗಲುತ್ತಿತ್ತು. ಮನೆಯ ಮೂಲೆಯಲ್ಲಿ ಸುಮ್ಮನೆ ಬಿದ್ದಿರುವ ಪ್ರತಿ ರೂಪಾಯಿ ಬಿಲ್ಲೆಯ ಹಿಂದೆ ಅದರ ಬೆಲೆಗಿಂತ ಹೆಚ್ಚಿನ ಸಾರ್ವಜನಿಕ ಹಣವಿದೆ.

ತಕ್ಕಡಿಗೆ ಸಾಕ್ಷಿ

ನಾಣ್ಯವೇ ತೂಕದ ಕಲ್ಲಾಗಿದ್ದ ನಾಡು ನಮ್ಮದು. ಬ್ರಿಟಿಷರ ಕಾಲದ ಬೆಳ್ಳಿ ರೂಪಾಯಿಯ ತೂಕ ಸರಿಯಾಗಿ ಒಂದು ತೊಲ, ಈಗಿನ ಲೆಕ್ಕದಲ್ಲಿ 11.66 ಗ್ರಾಂ. ಅಕ್ಕಸಾಲಿಗರ ತಕ್ಕಡಿಯಲ್ಲಿ ಒಂದು ಕಡೆ ಚಿನ್ನ, ಇನ್ನೊಂದು ಕಡೆ ರೂಪಾಯಿ. ಮೈಸೂರು ಸೀಮೆಯ ಕಚ್ಚಾ ಸೇರು ಎಂದರೆ 24 ರೂಪಾಯಿ ತೂಕ. ಬೆಲ್ಲ, ಹುಣಸೆ, ಮೆಣಸಿನಕಾಯಿ ಅಳೆದದ್ದು ಈ ಲೆಕ್ಕದಲ್ಲಿ. 1957ರ ಏಪ್ರಿಲ್ 1ರಂದು ರೂಪಾಯಿಗೆ ನೂರು ನಯಾಪೈಸೆಯಾಯಿತು. ಹದಿನಾರು ಆಣೆಯ ಲೆಕ್ಕ ಹೋಯಿತು, ಮುಂದೆ ಈ ತೂಕದ ನಂಟೂ ಕಳಚಿತು.

ಕಳಚಿದ ನಂಟನ್ನು ಅಡುಗೆಮನೆಯಲ್ಲಿ ಮತ್ತೆ ಕೂಡಿಸಬಹುದು. ವೈಟ್‌ಫೀಲ್ಡ್ ಕಡೆಯ ಅಪಾರ್ಟ್‌ಮೆಂಟ್‌ಗಳಲ್ಲಿ ಈಗ ಬ್ರೆಡ್ಡು, ಕೇಕು ಮನೆಯಲ್ಲೇ ಮಾಡುವ ಹುರುಪು. ಯೀಸ್ಟು, ಉಪ್ಪು ಗ್ರಾಮಿನ ಲೆಕ್ಕಕ್ಕೆ ತಪ್ಪಿದರೆ ಹಿಟ್ಟು ಕೈಕೊಡುತ್ತದೆ. ಆನ್‌ಲೈನಿನಲ್ಲಿ ತರಿಸಿದ ಪುಟ್ಟ ಎಲೆಕ್ಟ್ರಾನಿಕ್ ತಕ್ಕಡಿ ನಿಜ ಹೇಳುತ್ತಿದೆಯೇ? ಪರೀಕ್ಷಿಸಲು ಹತ್ತು ರೂಪಾಯಿಯ ಎರಡು ಬಣ್ಣದ ನಾಣ್ಯ ಸಾಕು. ಒಂದರ ತೂಕ 7.71 ಗ್ರಾಂ. ಹತ್ತು ಇಟ್ಟರೆ 77 ಗ್ರಾಂ ತೋರಿಸಬೇಕು. ಹಳದಿ ಬಣ್ಣದ, 23 ಮಿಲಿಮೀಟರ್ ಅಗಲದ ಐದರ ಬಿಲ್ಲೆ ಸರಿಯಾಗಿ 6 ಗ್ರಾಂ. ಹತ್ತಕ್ಕೆ 60. ಹೆಚ್ಚು ಸವೆಯದ ನಾಣ್ಯ ಆರಿಸಿಕೊಳ್ಳಿ. ಬೀದಿಬದಿಯ ತಳ್ಳುಗಾಡಿಯ ತಕ್ಕಡಿಯನ್ನೂ ಹೀಗೆ ನೋಡಬಹುದು. ಜಗಳ ತೆಗೆಯುವ ಅಗತ್ಯವಿಲ್ಲ, ತಕ್ಕಡಿಯ ಅಂಕಿಯೇ ಉತ್ತರ ಕೊಡುತ್ತದೆ.

ಒಂದು, ಎರಡು ರೂಪಾಯಿಯನ್ನು ಮಾತ್ರ ತೂಕಕ್ಕೆ ನೆಚ್ಚಿಕೊಳ್ಳುವಂತಿಲ್ಲ. ಸರಣಿ ಬದಲಾದಂತೆ ಅವುಗಳ ಗಾತ್ರವೂ ಬದಲಾಗಿದೆ. ಹಳೆಯ ಒಂದು ರೂಪಾಯಿ ಬಿಲ್ಲೆ 4.85 ಗ್ರಾಂ, 25 ಮಿಲಿಮೀಟರ್. 2011ರ ಸರಣಿಯ ಎರಡು ರೂಪಾಯಿಯೂ ಅಷ್ಟೇ! ಕಣ್ಣು ಕಾಣದವರು ಬೆರಳಿನಿಂದ ನಾಣ್ಯ ಗುರುತಿಸುವುದನ್ನು ಈ ಗೋಜಲು ಎಷ್ಟು ಕಷ್ಟ ಮಾಡಿತೆಂಬುದನ್ನು ಊಹಿಸಿ. ಅವರಿಗೆ ನೆರವಾಗಲೆಂದೇ 2019ರ ಮಾರ್ಚಿನಲ್ಲಿ ಹೊಸ ಸರಣಿ ಬಂತು. ಬೆಲೆ ಏರಿದಂತೆ ಗಾತ್ರ, ತೂಕ ಏರುವ ಕ್ರಮ ಅದರದು. ಹನ್ನೆರಡು ಅಂಚಿನ ಇಪ್ಪತ್ತು ರೂಪಾಯಿ ಸೇರಿದ್ದೂ ಆಗಲೇ. ಈ ಕೆಲಸ ಇಷ್ಟು ತಡವಾಗಬಾರದಿತ್ತು.

■ ಯಶವಂತಪುರದ ರೋಮನ್ ಬೆಳ್ಳಿ

1891ರಲ್ಲಿ ಯಶವಂತಪುರದಲ್ಲಿ ರೈಲುಹಾದಿಗೆ ನೆಲ ಅಗೆಯುವಾಗ ರೋಮನ್ನರ 163 ಬೆಳ್ಳಿ ನಾಣ್ಯ ಸಿಕ್ಕವು. ಚಕ್ರವರ್ತಿ ಆಗಸ್ಟಸ್, ಟೈಬೀರಿಯಸ್ ಮೊದಲಾದವರ ಕಾಲದವು. 1965ರಲ್ಲಿ ನಗರದ ಇನ್ನೊಂದು ಬದಿಯಲ್ಲಿ, ಎಚ್‌ಎಎಲ್ ವಿಮಾನ ನಿಲ್ದಾಣದ ಬಳಿ 256 ರೋಮನ್ ನಾಣ್ಯಗಳ ಮತ್ತೊಂದು ಗಂಟು ಹೊರಬಂತು. ಒಂದು ಪೀಣ್ಯದ ನೆರೆ, ಇನ್ನೊಂದು ವೈಟ್‌ಫೀಲ್ಡ್ ದಾರಿ. ದಕ್ಷಿಣ ಭಾರತದಲ್ಲಿ ಸಿಕ್ಕ ರೋಮನ್ ನಾಣ್ಯಗಳಲ್ಲಿ ಹಲವಕ್ಕೆ ತೂತು ಕೊರೆದಿದೆ, ಕೆಲವಕ್ಕೆ ಕೊಂಡಿ ಬೆಸೆದಿದೆ. ಕೊಳ್ಳುವ ಕಾಸನ್ನು ಕೊರಳಿಗೆ ಹಾಕಿಕೊಳ್ಳುವ ರೂಢಿ ಅಷ್ಟು ಹಳೆಯದು.

ಅಂಚಿನ ಭಾರ

ಹದಿನಾಲ್ಕನೇ ಮಹಡಿಯ ಬಾಲ್ಕನಿ ಬಾಗಿಲು ತೆರೆದರೆ ಪರದೆ ಚಾವಣಿಗೆ ಹಾರುತ್ತದೆ, ಟೀಪಾಯಿ ಮೇಲಿನ ಲೋಟ ಉರುಳಿಸುತ್ತದೆ. ಪರದೆಯ ಕೆಳಮಡಿಕೆಯಲ್ಲಿ ಒಂದೊಂದು ಗೇಣಿಗೆ ಒಂದರಂತೆ ರೂಪಾಯಿ ಬಿಲ್ಲೆ ಕೂರಿಸಿ ಎರಡು ಹೊಲಿಗೆ ಹಾಕಿದರೆ ಮುಗಿಯಿತು. ಒಗೆಯುವಾಗ ಹೊಲಿಗೆ ಬಿಚ್ಚಬೇಕೆಂದೂ ಇಲ್ಲ, ಉಕ್ಕು ಬಟ್ಟೆಗೆ ಕಲೆ ಬಿಡದು. ಊಟದ ಮೇಜಿನ ಹಾಸಿಗೂ, ಮಹಡಿಯಲ್ಲಿ ಸಂಡಿಗೆ ಒಣಹಾಕಿದಾಗ ಮುಚ್ಚುವ ತೆಳು ಬಟ್ಟೆಯ ನಾಲ್ಕು ಮೂಲೆಗೂ ಇದೇ ಉಪಾಯ.

ಹೊಸೂರು ರಸ್ತೆಯ ಉದ್ದಕ್ಕೆ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ಹೊಲಿಗೆ ಕಲಿತ ಎಷ್ಟೋ ಹೆಂಗಸರು ಸಂಜೆ ಮನೆಯಲ್ಲಿ ಬ್ಲೌಸು ಹೊಲಿಯುತ್ತಾರೆ. ತೋಳಿನ ಅಂಚಿಗೆ ಸಾಲು ಸಾಲು ಅರ್ಧಚಂದ್ರ ಬೇಕೆಂದರೆ ಹತ್ತು ರೂಪಾಯಿ ನಾಣ್ಯವನ್ನು ಬಟ್ಟೆಯ ಮೇಲಿಟ್ಟು ಟೈಲರ್ ಚಾಕಿನಿಂದ ಸುತ್ತ ಗೆರೆ ಎಳೆದರಾಯಿತು. ಅಗಲ 27 ಮಿಲಿಮೀಟರ್, ಎಲ್ಲ ಕಮಾನೂ ಒಂದೇ ಅಳತೆ. ಪುಟ್ಟ ಮಗುವಿನ ಲಂಗಕ್ಕಾದರೆ ಐದರ ಬಿಲ್ಲೆ.

ನಾಣ್ಯವನ್ನು ಬಟ್ಟೆಯ ಮೇಲೆ ಕಲೆಯಾಗಿಸಿದವರು ಮಾತ್ರ ಲಂಬಾಣಿ ಹೆಂಗಸರು. ಕಲಬುರಗಿ, ವಿಜಯಪುರ, ರಾಯಚೂರಿನ ತಾಂಡಾಗಳಿಂದ ಬಂದು ಬೆಂಗಳೂರಿನ ಹೊರವಲಯದಲ್ಲಿ ಕಟ್ಟಡ ಕೆಲಸ ಮಾಡುವ ಕುಟುಂಬಗಳಲ್ಲಿ ಹಿರಿಯ ಅಜ್ಜಿಯೊಬ್ಬರು ಫೇಟಿಯಾ ಲಂಗ, ಕಾಂಚಳಿ ರವಿಕೆ ತೊಟ್ಟು ಕೂತಿದ್ದರೆ ಹತ್ತಿರದಿಂದ ನೋಡಬೇಕು. ಕನ್ನಡಿ ಚೂರು, ಕವಡೆ, ಉಣ್ಣೆಯ ಕುಚ್ಚುಗಳ ನಡುವೆ ಸಾಲಾಗಿ ಹಳೆಯ ಪೈಸೆಗಳು. ಪ್ರತಿಯೊಂದನ್ನೂ ಪುಟ್ಟ ಕೊಂಡಿಯಿಂದ ಪೋಣಿಸಿರುತ್ತಾರೆ, ನಡೆದರೆ ಸದ್ದಾಗುತ್ತದೆ. ಅಂಗಡಿಯಲ್ಲಿ ನಡೆಯದ ನಾಲ್ಕಾಣೆ, ಎಂಟಾಣೆ ಅಲ್ಲಿ ಇಂದಿಗೂ ಹೊಳೆಯುತ್ತದೆ. ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿದೆ. 2023ರ ಜುಲೈನಲ್ಲಿ ಹಂಪಿಯ ಜಿ20 ಸಭೆಯ ಸಂದರ್ಭದಲ್ಲಿ 1,755 ಲಂಬಾಣಿ ಕಸೂತಿ ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು. ಬೆಲೆ ಕಳೆದುಕೊಂಡ ಕಾಸಿಗೆ ಇದಕ್ಕಿಂತ ಘನವಾದ ಎರಡನೇ ಬದುಕನ್ನು ಬೇರಾರೂ ಕೊಟ್ಟಿಲ್ಲ.

ಮದುವೆ ಮನೆಯಲ್ಲೂ ಬಿಲ್ಲೆಯ ಮರ್ಯಾದೆ ಕುಗ್ಗಿಲ್ಲ. ಐನೂರು ಕೊಟ್ಟರೆ ಮುಯ್ಯಿ ಆಗದು, ಐನೂರಾ ಒಂದು ಆಗಬೇಕು. ಆ ಒಂದನ್ನು ಮುಂಚೆಯೇ ಅಂಟಿಸಿದ ಮುಯ್ಯಿ ಕವರ್‌ಗಳು ಫ್ಯಾನ್ಸಿ ಸ್ಟೋರಿನಲ್ಲಿ ಸಿಗುತ್ತವೆ. ಕವರ್ ಹರಿದು ಎಸೆಯುವ ಮುನ್ನ ಬಿಲ್ಲೆ ಬಿಡಿಸಿಕೊಳ್ಳುವುದನ್ನು ಮರೆಯಬಾರದು, ಅಷ್ಟೇ.

ಊರಿಗೆ ಹೋದಾಗ ಕರೆಂಟ್ ಹೋದರೆ?

ದೀಪಾವಳಿಗೆ, ಯುಗಾದಿಗೆ ಐಟಿ ಕಾರಿಡಾರ್ ಖಾಲಿಯಾಗುತ್ತದೆ. ನಾಲ್ಕೈದು ದಿನ ಬೀಗ. ಹಿಂತಿರುಗಿ ಫ್ರೀಜರ್ ತೆರೆದರೆ ಎಲ್ಲ ಗಟ್ಟಿಯಾಗಿಯೇ ಇದೆ. ಆದರೆ ನಡುವೆ ಒಂದು ದಿನ ಕರೆಂಟ್ ಹೋಗಿ, ಒಳಗಿನದೆಲ್ಲ ಕರಗಿ, ಮತ್ತೆ ಹೆಪ್ಪುಗಟ್ಟಿತ್ತೇ?

ಹೊರಡುವ ಹಿಂದಿನ ದಿನ ಒಂದು ಲೋಟದಲ್ಲಿ ನೀರಿಟ್ಟು ಮಂಜು ಮಾಡಿ. ಅದರ ನೆತ್ತಿಯ ಮೇಲೆ ಒಂದು ರೂಪಾಯಿ ಬಿಲ್ಲೆ ಇಟ್ಟು ಹೋಗಿ. ಬಂದು ನೋಡಿದಾಗ ಬಿಲ್ಲೆ ಮೇಲೆಯೇ ಇದ್ದರೆ ಕ್ಷೇಮ. ನಡುವೆ ಸಿಕ್ಕಿಕೊಂಡಿದ್ದರೆ ಮಂಜು ಅರ್ಧ ಕರಗಿತ್ತು. ತಳ ಸೇರಿದ್ದರೆ ಪೂರ್ತಿ ಕರಗಿ ಮತ್ತೆ ಗಟ್ಟಿಯಾಗಿದೆ. ಆಗ ಮೀನು, ಮಾಂಸ, ಹಾಲಿನ ಪದಾರ್ಥವನ್ನು ಮುಲಾಜಿಲ್ಲದೆ ಎಸೆಯುವುದು ಸರಿ, ಮೂಸಿ ನೋಡಿ ತೀರ್ಮಾನಿಸುವ ವಿಷಯವಲ್ಲ ಇದು.

ಟೈರಿಗೂ ಬಿಲ್ಲೆ ಹಿಡಿಯುವವರಿದ್ದಾರೆ. ಗೀರಿನೊಳಗೆ ನಿಲ್ಲಿಸಿ ನಾಲ್ಕೂ ಟೈರಿನಲ್ಲಿ ಎಷ್ಟೆಷ್ಟು ಮುಳುಗುತ್ತದೆಂದು ಹೋಲಿಸಿದರೆ ಯಾವುದು ಹೆಚ್ಚು ಸವೆದಿದೆಯೆಂದು ತಿಳಿಯುತ್ತದೆ. ನಿಯಮದಂತೆ ಕಾರಿಗೆ ಕನಿಷ್ಠ 1.6 ಮಿಲಿಮೀಟರ್, ದ್ವಿಚಕ್ರಕ್ಕೆ 0.8 ಮಿಲಿಮೀಟರ್ ಆಳವಿರಬೇಕು. ಅಂತಿಮ ಮಾತು ಮಾತ್ರ ಗೀರಿನೊಳಗೇ ಕೂರಿಸಿರುವ ಸವೆತದ ಉಬ್ಬುಗಳದು. ಟೈರಿನ ಮೈ ಅವುಗಳ ಮಟ್ಟಕ್ಕೆ ಬಂದರೆ ಬದಲಾಯಿಸಲೇಬೇಕು.

ಐದರ ಬಿಲ್ಲೆ, ಇಪ್ಪತ್ತು ಲೀಟರ್

ಇಷ್ಟೂ ಉಪಾಯಗಳ ನಡುವೆ ಹೊರ ಬೆಂಗಳೂರಿನಲ್ಲಿ ಒಂದು ಬಿಲ್ಲೆಗೆ ಮಾತ್ರ ಯಾವ ಪರ್ಯಾಯವೂ ಸುಲಭವಾಗಿ ಸಿಕ್ಕಿಲ್ಲ. ಅದು ಐದು ರೂಪಾಯಿಯದು.

ಹೂಡಿ, ಕಾಡುಗೋಡಿ, ವರ್ತೂರು, ದಾಸರಹಳ್ಳಿ, ಬೊಮ್ಮಸಂದ್ರ, ಎಲ್ಲೇ ಹೋಗಿ, ರಸ್ತೆ ಬದಿಯಲ್ಲಿ ನೀಲಿಯೋ ಬಿಳಿಯೋ ಬಣ್ಣದ ಒಂದು ಪೆಟ್ಟಿಗೆಮನೆ. ಗೋಡೆಯ ಮೇಲೆ 'ಶುದ್ಧ ಕುಡಿಯುವ ನೀರಿನ ಘಟಕ'. ಕೊಳಾಯಿಯ ಕೆಳಗೆ ಕ್ಯಾನು ಇಟ್ಟು ಸೀಳಿನೊಳಗೆ ನಾಣ್ಯ ಹಾಕಿದರೆ ಇಪ್ಪತ್ತು ಲೀಟರ್ ನೀರು. ಹಳ್ಳಿಗಳಲ್ಲಿ ಈ ಯೋಜನೆ ಶುರುವಾದಾಗ ದರ ಎರಡು ರೂಪಾಯಿ ಇತ್ತು. ನಗರದಲ್ಲಿ ಐದರ ಬಿಲ್ಲೆ ರೂಢಿಯಾಯಿತು. ಕೊಳವೆಬಾವಿಯ ಗಡುಸು ನೀರನ್ನು ಕುಡಿಯಲಾಗದ, ಅಂಗಡಿಯ ಕ್ಯಾನಿಗೆ ಹತ್ತಾರು ರೂಪಾಯಿ ತೆರಲಾಗದ ಮನೆಗಳಿಗೆ ಇದು ಅನ್ನದಷ್ಟೇ ಮುಖ್ಯ.

ಹಾಗಾಗಿ ಅಲ್ಲಿ ಐದರ ಬಿಲ್ಲೆ ಚಿಲ್ಲರೆ ಡಬ್ಬಿಗೆ ಬೀಳುವುದಿಲ್ಲ. ಅದಕ್ಕೆ ಬೇರೆಯದೇ ಡಬ್ಬಿ. ಕಿರಾಣಿ ಅಂಗಡಿಯಲ್ಲಿ ಇಪ್ಪತ್ತು ಕೊಟ್ಟು ಹದಿನೈದರ ಸಾಮಾನು ಕೊಂಡು, 'ಅಣ್ಣಾ, ಕಾಯಿನ್ನೇ ಕೊಡಿ' ಎಂದು ಕೇಳಿ ಪಡೆಯುವುದಿದೆ. ಎರಡು ದಿನಕ್ಕೊಂದು ಕ್ಯಾನು ಖರ್ಚಾಗುವ ಮನೆಗೆ ತಿಂಗಳಿಗೆ ಹದಿನೈದು ಬಿಲ್ಲೆ ಬೇಕು. ಫೋನಿನಲ್ಲಿ ಹಣವಿದ್ದರೂ ಬಿಲ್ಲೆಯೇ ಇಲ್ಲದಿದ್ದರೆ ಯಂತ್ರ ನೀರು ಬಿಡದು. ಕೆಲವು ಘಟಕಗಳಲ್ಲಿ ಕಾರ್ಡು, ಕ್ಯೂಆರ್ ಕೋಡು ಬಂದಿವೆ. ಎಲ್ಲ ಕಡೆ ಬಂದಿಲ್ಲ.

ಯಂತ್ರಕ್ಕೂ ಅದರದೇ ಹಟ. ಒಳಗೆ ಕೂತ ಸಂವೇದಕ ನಾಣ್ಯದ ಅಗಲ, ದಪ್ಪ, ಲೋಹವನ್ನು ನೋಡಿ ಒಳಗೆ ಬಿಡುತ್ತದೆ, ಇಲ್ಲವೇ ಉಗುಳುತ್ತದೆ. ಐದರ ನಾಣ್ಯದಲ್ಲಿ ಎಷ್ಟು ಬಗೆ! 1992ರಿಂದ ಬಂದ ದಪ್ಪನೆಯ ತಾಮ್ರ-ನಿಕ್ಕಲ್ ನಾಣ್ಯ 9 ಗ್ರಾಂ. 2007ರ ಸುಮಾರಿಗೆ ಬಂದ ಉಕ್ಕಿನದು 6 ಗ್ರಾಂ. ಆಮೇಲಿನ ಹಳದಿಯದು ನಿಕ್ಕಲ್-ಹಿತ್ತಾಳೆ. 2019ರದ್ದು ಅಗಲ ಹೆಚ್ಚು, 25 ಮಿಲಿಮೀಟರ್. ಒಂದು ಬಗೆಗೆ ಹೊಂದಿಸಿದ ಯಂತ್ರ ಇನ್ನೊಂದನ್ನು ತಿರಸ್ಕರಿಸಿದರೆ ಆಶ್ಚರ್ಯವಿಲ್ಲ. ಕ್ಯಾನು ಹೊತ್ತು ಬಂದವರು ಬರಿಗೈಯಲ್ಲಿ ಹೋಗಬೇಕೇ? ಘಟಕ ನಡೆಸುವವರು ಚಲಾವಣೆಯಲ್ಲಿರುವ ಎಲ್ಲ ಬಗೆಯ ಐದರ ನಾಣ್ಯವನ್ನೂ ಸ್ವೀಕರಿಸುವ ಯಂತ್ರ ಕೂರಿಸಬೇಕು. ಅದು ಸೌಜನ್ಯವಲ್ಲ, ಕರ್ತವ್ಯ.

2024ರ ಬೇಸಿಗೆಯಲ್ಲಿ ಇದರ ಬೆಲೆ ಊರಿಗೆಲ್ಲ ಗೊತ್ತಾಯಿತು. ನಗರದ 13,900 ಕೊಳವೆಬಾವಿಗಳಲ್ಲಿ 6,900 ನಿಷ್ಕ್ರಿಯವಾಗಿವೆ ಎಂದು ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಹೇಳಿದ ದಿನಗಳವು. ವೈಟ್‌ಫೀಲ್ಡ್ ಸುತ್ತಿನ ಅಪಾರ್ಟ್‌ಮೆಂಟ್‌ಗಳು ಟ್ಯಾಂಕರಿಗೆ ಕಾಯುತ್ತಿದ್ದಾಗ, ಪಕ್ಕದ ಬಡಾವಣೆಗಳ ನೀರಿನ ಘಟಕಗಳ ಮುಂದೆ ಕ್ಯಾನುಗಳ ಸಾಲು ಬೀದಿ ತಿರುವಿನವರೆಗೆ ಬೆಳೆದಿತ್ತು. ಕೆಲವೆಡೆ ಒಬ್ಬರಿಗೆ ಒಂದೇ ಕ್ಯಾನು, ಕೆಲವೆಡೆ ಐದರ ಬದಲು ಹತ್ತು ರೂಪಾಯಿ. ಅದೇ ವರ್ಷದ ಅಕ್ಟೋಬರ್ 16ರಂದು ಕಾವೇರಿ ಐದನೇ ಹಂತ ಉದ್ಘಾಟನೆಯಾಯಿತು. ದಿನಕ್ಕೆ 77.5 ಕೋಟಿ ಲೀಟರ್ ನೀರು, 2007ರಲ್ಲಿ ಪಾಲಿಕೆಗೆ ಸೇರಿದ 110 ಹಳ್ಳಿಗಳಿಗಾಗಿ. ಕೊಳಾಯಿ ಸಂಪರ್ಕ ಮನೆಮನೆಗೆ ಮುಟ್ಟುವವರೆಗೆ ಐದರ ಬಿಲ್ಲೆಯ ಕೆಲಸ ಮುಗಿಯುವುದಿಲ್ಲ.

■ ಮಗು ನಾಣ್ಯ ನುಂಗಿದರೆ

ಪುಟ್ಟ ಮಕ್ಕಳು ನುಂಗುವ ವಸ್ತುಗಳಲ್ಲಿ ನಾಣ್ಯಕ್ಕೆ ಮೊದಲ ಸ್ಥಾನ. ಬಾಳೆಹಣ್ಣು ತಿನ್ನಿಸುವುದು, ಗಂಟಲಿಗೆ ಬೆರಳು ಹಾಕುವುದು, ವಾಂತಿ ಮಾಡಿಸುವುದು ಬೇಡ. ನೇರವಾಗಿ ಆಸ್ಪತ್ರೆಗೆ ಹೋಗಿ. ಎಕ್ಸ್‌ರೇಯಲ್ಲಿ ನಾಣ್ಯ ಎಲ್ಲಿದೆಯೆಂದು ತಿಳಿಯುತ್ತದೆ.

ಇನ್ನೂ ಅಪಾಯದ್ದು ಬಿಲ್ಲೆಯಾಕಾರದ ಬ್ಯಾಟರಿ. ರಿಮೋಟು, ಕಾರ್ ಕೀಲಿಯಲ್ಲಿ ಬಳಸುವ ಸಿಆರ್2032 ಬ್ಯಾಟರಿಯ ಅಗಲ 20 ಮಿಲಿಮೀಟರ್, 2019ರ ಒಂದು ರೂಪಾಯಿಯಷ್ಟೇ! ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಸುಟ್ಟಗಾಯ ಮಾಡಬಲ್ಲದು. ಮಗು ನುಂಗಿದ್ದು ನಾಣ್ಯವೋ ಬ್ಯಾಟರಿಯೋ ಎಂಬ ಸಣ್ಣ ಸಂಶಯವಿದ್ದರೂ ಕಾಯಬೇಡಿ.

ಕೊರೆಯಬೇಡಿ, ಕರಗಿಸಬೇಡಿ

ನಾಣ್ಯವನ್ನು ಕತ್ತರಿಸಿ ಉಂಗುರ ಮಾಡುವ, ತೂತು ಕೊರೆದು ಕೀಲಿಗೊಂಚಲು ಮಾಡುವ ವಿಡಿಯೊಗಳು ಫೋನಿನಲ್ಲಿ ಬೇಕಾದಷ್ಟಿವೆ. ಅವನ್ನು ನೋಡಿ ಡ್ರಿಲ್ ಯಂತ್ರ ಕೈಗೆತ್ತಿಕೊಳ್ಳಬಾರದು. 2011ರ ನಾಣ್ಯ ಕಾಯ್ದೆಯ 12ನೇ ಸೆಕ್ಷನ್ ಕಟುವಾಗಿದೆ. ನಾಣ್ಯ ಕರಗಿಸುವುದು, ನಾಶಪಡಿಸುವುದು, ಹಣದ ವಿನಿಮಯಕ್ಕಲ್ಲದೆ ಬೇರೆ ರೀತಿ ಬಳಸುವುದು ಅಪರಾಧ. ಏಳು ವರ್ಷದವರೆಗೆ ಸಜೆ, ಜತೆಗೆ ದಂಡ.

ಕಾಯ್ದೆಯ ಗುರಿ ಬ್ಲೇಡು ಮಾಡಲು ಮೂಟೆಗಟ್ಟಲೆ ಸಾಗಿಸುವವರು. ಆದರೂ ಅಕ್ಷರಶಃ ಓದಿದರೆ ಅದರ ಮಾತು ಎಲ್ಲರಿಗೂ ಅನ್ವಯಿಸುತ್ತದೆ. ಆದ್ದರಿಂದ ಬಿಲ್ಲೆಯನ್ನು ಮನೆಗೆಲಸಕ್ಕೆ ಕರೆದರೂ ಅದರ ಮೈ ಮುಕ್ಕಾಗದಂತೆ ಇರಲಿ, ಯಾವ ಗಳಿಗೆಯಲ್ಲಾದರೂ ತೆಗೆದು ಅಂಗಡಿಗೆ ಕೊಡುವಂತಿರಲಿ. ಫ್ಯೂಸಿನ ಜಾಗಕ್ಕೆ, ಮೈಕ್ರೋವೇವ್ ಒಳಗೆ ನಾಣ್ಯ ಯಾವ ಕಾರಣಕ್ಕೂ ಹೋಗಕೂಡದು.

ಹಳೆಯ ಐದರ ನಾಣ್ಯಕ್ಕೆ ಲಕ್ಷ ಕೊಡುತ್ತೇವೆಂದು ಬರುವ ಕರೆಗಳೂ ಮೋಸವೇ. 'ಕಮಿಷನ್', 'ತೆರಿಗೆ' ಎಂದು ಮೊದಲು ಹಣ ಕಟ್ಟಿಸಿಕೊಂಡು ಕಣ್ಮರೆಯಾಗುತ್ತಾರೆ. ತನ್ನ ಹೆಸರು, ಲಾಂಛನ ಬಳಸಿ ನಡೆಯುವ ಇಂಥ ವ್ಯವಹಾರಗಳ ಬಗ್ಗೆ ರಿಸರ್ವ್ ಬ್ಯಾಂಕ್ 2021ರ ಆಗಸ್ಟಿನಲ್ಲೇ ಎಚ್ಚರಿಸಿದೆ.

ಇಡ್ಲಿ ಪಾತ್ರೆಗೊಂದು, ಫ್ರೀಜರಿಗೊಂದು, ಪರದೆಗೆ ಹತ್ತು, ಕಲಶಕ್ಕೊಂದು ಹಿಡಿ. ಒಂದು ಮನೆಗೆ ಬೇಕಾದದ್ದು ಇಷ್ಟೇ. ಉಳಿದದ್ದು ಡಬ್ಬಿಯಲ್ಲಿ ಕೂರುವುದಕ್ಕೆ ಅರ್ಥವಿಲ್ಲ. ರಿಸರ್ವ್ ಬ್ಯಾಂಕ್ 2023ರಲ್ಲಿ ಬೆಂಗಳೂರು ಸೇರಿ 12 ನಗರಗಳಲ್ಲಿ ಕ್ಯೂಆರ್ ಕೋಡಿನಿಂದ ನಾಣ್ಯ ಕೊಡುವ ಯಂತ್ರಗಳ ಪ್ರಯೋಗ ಪ್ರಕಟಿಸಿದ್ದೇ ನಾಣ್ಯದ ಹಂಚಿಕೆ ಸರಾಗವಾಗಲೆಂದು. ಮನೆಗಳಲ್ಲಿ ಕೂತ ಚಿಲ್ಲರೆ ಹೊರಬಂದರೆ ಅದೇ ಕೆಲಸ ಯಂತ್ರವಿಲ್ಲದೆ ಆಗುತ್ತದೆ.

ಯಾವ ಬ್ಯಾಂಕ್ ಶಾಖೆಯೂ ಚಿಲ್ಲರೆ ಬೇಡವೆನ್ನುವಂತಿಲ್ಲ. ವ್ಯಕ್ತಿಗಳ ನಡುವಿನ ಪಾವತಿಗೆ 1,000 ರೂಪಾಯಿಯ ಮಿತಿಯಿದೆ, ಖಾತೆಗೆ ಜಮಾ ಮಾಡಲು ಮಿತಿಯಿಲ್ಲ. ಬೆಲೆವಾರು ವಿಂಗಡಿಸಿ ನೂರು ನೂರರ ಪ್ಲಾಸ್ಟಿಕ್ ಪೊಟ್ಟಣ ಕಟ್ಟಿಕೊಂಡು ಹೋದರೆ ಕೌಂಟರಿನಲ್ಲಿ ಕೆಲಸ ಬೇಗ ಆಗುತ್ತದೆ. ನಿರಾಕರಿಸಿದರೆ ರಿಸರ್ವ್ ಬ್ಯಾಂಕಿನ 14448 ಸಂಖ್ಯೆಗೆ ಕರೆ ಮಾಡಿ ದೂರಿನ ದಾರಿ ಕೇಳಬಹುದು. ಈ ಸಲದ ವರಮಹಾಲಕ್ಷ್ಮಿ ಹಬ್ಬ ಕಳೆದ ಮೇಲೆ ಆ ಡಬ್ಬಿಯನ್ನು ಮತ್ತೆ ಅಟ್ಟಕ್ಕೆ ಏರಿಸಬೇಡಿ. ಒಂದು, ಎರಡರ ಬಿಲ್ಲೆಗಳನ್ನು ಬ್ಯಾಂಕಿಗೆ ಕಟ್ಟಿ. ಐದರ ಬಿಲ್ಲೆಗಳನ್ನು ಮಾತ್ರ, ನೀರಿನ ಘಟಕಕ್ಕೆ ಹೋಗುವವರಿಗೆ ಸಿಗಲೆಂದು, ಬೀದಿಯ ಕಿರಾಣಿ ಅಂಗಡಿಗೆ ಕೊಟ್ಟು ನೋಟು ಪಡೆಯಿರಿ.